ಮಧ್ಯಾಹ್ನ ಎರಡರ ಮೋಡ, ಸಂಜೆ ನಾಲ್ಕರ ಸಿಡಿಲು



ಯುಗಾದಿ ಕಳೆದು ಅಶ್ವಿನಿ ಮಳೆಯ ದಿನಗಳು ಹತ್ತಿರವಾದಂತೆ ಸಂಜೆ ಹೊತ್ತಿನಲ್ಲಿ ನನಗೆ ಬರುವ ಫೋನುಗಳ ರೀತಿಯೇ ಬದಲಾಗುತ್ತದೆ. ಕೆಚ್ಚಲು ಬಾವು, ಕಸ ಬಿದ್ದಿಲ್ಲ, ಹಸು ಮೇವು ಬಿಟ್ಟಿದೆ ಎನ್ನುವ ಕರೆಗಳ ನಡುವೆ "ಡಾಕ್ಟ್ರಮ್ಮ, ಸಿಡ್ಲು ಹೊಡ್ದುಬಿಡ್ತು" ಎನ್ನುವ ಕರೆಯೂ ಇರುತ್ತದೆ. ಉಳಿದ ಕರೆಗಳಿಗೆ ನನ್ನ ಚೀಲದಲ್ಲಿ ಏನಾದರೂ ಔಷಧಿ ಇರುತ್ತದೆ. ಇದಕ್ಕೆ ಬಹುಪಾಲು ಏನೂ ಇರುವುದಿಲ್ಲ.

ಎರಡು ವರ್ಷದ ಹಿಂದೆ ಏಪ್ರಿಲ್ ಕೊನೆಯಲ್ಲಿ ಅಂಥದೊಂದು ಕರೆಗೆ ಹೋಗಿದ್ದೆ. ಹೊಲದ ಬದುವಿನ ಹೊಂಗೆ ಮರದ ಕೆಳಗೆ ಎರಡು ಸೀಮೆಹಸು, ಒಂದು ಪಡ್ಡೆ ಬಿದ್ದಿದ್ದವು. ಒಂದರ ಬಾಯಲ್ಲಿ ಇನ್ನೂ ಹಸಿರು ಹುಲ್ಲು ಇತ್ತು. ಮಹಿಳಾ ಸಂಘದ ಸದಸ್ಯೆಯಾದ ಆ ಅಕ್ಕ ಹಸುಗಳನ್ನು ಹಿಡಿದು ತರಲು ಹೊರಟವರು, ಅಂಗಳದಲ್ಲಿ ಒಣಹಾಕಿದ್ದ ರಾಗಿ ಒಳಗೆ ಎತ್ತಿಟ್ಟು ಬರೋಣ ಎಂದು ಹಿಂದಕ್ಕೆ ತಿರುಗಿದ್ದರು. ಹಾಗಾಗಿ ಉಳಿದುಕೊಂಡರು. ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: "ಎರಡು ಗಂಟೆಗೇ ಮೋಡ ನೋಡಿದ್ದೆ ಡಾಕ್ಟ್ರಮ್ಮ. ನಾಕೂವರೆಗೆ ಹೆಂಗೂ ಹಾಲು ಕರಿಯೋಕೆ ಹಿಡ್ಕಂಡು ಬರ್ಬೇಕಲ್ಲ, ಆವಾಗ್ಲೇ ತಂದ್ರಾಯ್ತು ಅಂದ್ಕಂಡೆ."

ಅವರು ಮೋಡವನ್ನು ಗಮನಿಸದೇ ಇರಲಿಲ್ಲ. ನೋಡಿದ್ದರು, ಬರುತ್ತದೆ ಎಂದು ಗೊತ್ತೂ ಇತ್ತು. ನೋಡಿದ ಹೊತ್ತಿಗೂ ಹಗ್ಗ ಬಿಚ್ಚಬೇಕೆಂದುಕೊಂಡ ಹೊತ್ತಿಗೂ ನಡುವೆ ಎರಡೂವರೆ ಗಂಟೆ ಇತ್ತು. ಈ ತಿಂಗಳ ಪಾಠ ಆ ಎರಡೂವರೆ ಗಂಟೆಯ ಬಗ್ಗೆ.

ಬಿರುಗಾಳಿಯ ದಾರಿ ಕಾಯುವವರು

ಅಂದಿನಿಂದ ನನಗೂ ಆಕಾಶ ನೋಡುವ ಹುಚ್ಚು ಹತ್ತಿದೆ. ಮನೆಯವರು ನಗುತ್ತಾರೆ. ಆದರೆ ಈ ಹುಚ್ಚಿನವರು ಲೋಕದ ತುಂಬಾ ಇದ್ದಾರೆ. ದಕ್ಷಿಣ ಕನ್ನಡ, ಮಲೆನಾಡಿನ ಕಡೆ ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬೆಳಿಗ್ಗೆ ಎಷ್ಟು ಮಿಲಿಮೀಟರ್ ಎಂದು ಬರೆದಿಡುವ ಕೃಷಿಕರಿದ್ದಾರೆ. ಅಮೆರಿಕದಲ್ಲಂತೂ ಇದು ದೊಡ್ಡ ಹವ್ಯಾಸ. ಅಲ್ಲಿ ಚಳಿಗಾಲ ಮುಗಿದು ಏಪ್ರಿಲ್, ಮೇ ಬಂತೆಂದರೆ ಸುಂಟರಗಾಳಿಯ ಕಾಲ. ನಮ್ಮ ಹೊಲದಲ್ಲಿ ಬೇಸಿಗೆಯಲ್ಲಿ ತರಗೆಲೆ ಸುತ್ತಿಕೊಂಡು ಹೋಗುವ ಸುಳಿಗಾಳಿ ಅಲ್ಲ; ಮೋಡದಿಂದ ಸೊಂಡಿಲಿನಂತೆ ನೆಲಕ್ಕಿಳಿದು ಮನೆ, ಲಾರಿ, ದನದ ಕೊಟ್ಟಿಗೆ ಎಲ್ಲವನ್ನೂ ಕಿತ್ತೆಸೆಯುವಂಥದ್ದು.

ಅದು ಹುಟ್ಟುವ ಬಗೆ ನಮಗೆ ತಿಳಿಯದ್ದೇನಲ್ಲ. ದೀಪಕ್ಕೆ ಬತ್ತಿ ಹೊಸೆಯುವಾಗ ಒಂದು ಅಂಗೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ನಡುವಿನ ಹತ್ತಿ ಉರುಳುತ್ತದೆ ತಾನೇ? ಅಲ್ಲಿ ನೆಲದ ಹತ್ತಿರ ತೇವದ ಗಾಳಿ ದಕ್ಷಿಣದಿಂದ ಬೀಸುತ್ತಿರುತ್ತದೆ, ಬಹಳ ಮೇಲೆ ಜೋರಾದ ಗಾಳಿ ಪಶ್ಚಿಮದಿಂದ ಬೀಸುತ್ತಿರುತ್ತದೆ. ನಡುವಿನ ಗಾಳಿ ಬತ್ತಿಯಂತೆ ಉರುಳತೊಡಗುತ್ತದೆ. ಬಿಸಿಗಾಳಿ ರಭಸದಿಂದ ಮೇಲೇರುವಾಗ ಆ ಉರುಳುವ ಗಾಳಿಯನ್ನು ಎತ್ತಿ ನಿಲ್ಲಿಸುತ್ತದೆ. ಆಗ ಇಡೀ ಮೋಡವೇ ಕಡಗೋಲಿನಂತೆ ತಿರುಗುತ್ತದೆ.

ಆ ಹವ್ಯಾಸಿಗಳು ಕಾಯುವ ಕ್ರಮವನ್ನು ನಾವು ಗಮನಿಸಬೇಕು. ಅಲ್ಲಿನ ಸರ್ಕಾರಿ ಕೇಂದ್ರವೊಂದು ಓಕ್ಲಹೋಮ ರಾಜ್ಯದ ನಾರ್ಮನ್ ಊರಿನಲ್ಲಿದೆ. ಯಾವ ಭಾಗಕ್ಕೆ ಅಪಾಯ ಬರಬಹುದು ಎಂದು ಅದು ಎಂಟು ದಿನ ಮೊದಲಿನಿಂದಲೇ ನಕ್ಷೆ ಹೊರಡಿಸುತ್ತದೆ. ದಿನ ಹತ್ತಿರವಾದಂತೆ ನಕ್ಷೆ ಕಿರಿದಾಗುತ್ತದೆ, ಅಪಾಯದ ಮಟ್ಟಕ್ಕೆ ಐದು ಹಂತಗಳಿರುತ್ತವೆ. ಆ ದಿನ ಮಧ್ಯಾಹ್ನದ ವೇಳೆಗೆ "ಕಣ್ಣಿಟ್ಟಿರಿ" ಎನ್ನುವ ಸೂಚನೆ ಬರುತ್ತದೆ. ಕೊನೆಗೆ "ಈಗಲೇ ಒಳಗೆ ಹೋಗಿ" ಎನ್ನುವ ಎಚ್ಚರಿಕೆ. ಈ ಕೊನೆಯದಕ್ಕೂ ಸುಂಟರಗಾಳಿಗೂ ನಡುವೆ ಸಾಮಾನ್ಯವಾಗಿ ಸಿಗುವುದು ಹತ್ತು-ಹದಿನೈದು ನಿಮಿಷ. ರಾಡಾರ್ ಇದ್ದರೂ ತರಬೇತಿ ಪಡೆದ ಸಾವಿರಾರು ಸ್ವಯಂಸೇವಕರು ಊರಾಚೆ ನಿಂತು ಕಣ್ಣಾರೆ ನೋಡಿ ವರದಿ ಕೊಡುತ್ತಾರೆ. ಈ ಕೂಟಕ್ಕೆ ಸ್ಕೈವಾರ್ನ್ ಎಂದು ಹೆಸರು. ಭೂಮಿ ಗುಂಡಗಿರುವುದರಿಂದ ರಾಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲಕ್ಕೇ ಹೋಗುತ್ತದೆ. ನೆಲದ ಹತ್ತಿರ ಏನಾಗುತ್ತಿದೆ ಎಂದು ಅದಕ್ಕೆ ಕಾಣುವುದಿಲ್ಲ. ಅದನ್ನು ಅಲ್ಲೇ ನಿಂತ ಮನುಷ್ಯನ ಕಣ್ಣೇ ನೋಡಬೇಕು.

ಇಷ್ಟಿದ್ದೂ 2011ರ ಏಪ್ರಿಲ್ 27ರಂದು ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ದಿನಗಳ ಮೊದಲೇ ಮುನ್ಸೂಚನೆ ಬಂದಿತ್ತು. ಸೂಚನೆ ಬರುವುದೇ ಬೇರೆ, ಅದನ್ನು ಕೇಳಿ ಎದ್ದು ಹೋಗುವುದೇ ಬೇರೆ. ನಮ್ಮ ಹೊಂಗೆ ಮರದ ಕಥೆಯೂ ಅದೇ.

ನಮ್ಮಲ್ಲಿ ತಿರುಗುವುದಿಲ್ಲ, ಆದರೆ ಸಿಡಿಯುತ್ತದೆ

ನಮ್ಮ ಉಪಖಂಡಕ್ಕೂ ಸುಂಟರಗಾಳಿ ಹೊಸದಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದಲ್ಲಿ ಬೀಸಿದ ಒಂದೇ ಸುಂಟರಗಾಳಿಗೆ ಸುಮಾರು 1300 ಜನ ಬಲಿಯಾದರು. ಆದರೆ ಕರ್ನಾಟಕದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಮೇಲಿನ ಗಾಳಿ ಅಷ್ಟು ಜೋರಿರುವುದಿಲ್ಲ. ಬತ್ತಿ ಹೊಸೆಯಲು ಎರಡನೇ ಅಂಗೈ ಇಲ್ಲದಂತೆ. ಹಾಗಾಗಿ ನಮ್ಮ ಮೋಡ ನೇರ ಮೇಲೇರಿ, ಒಂದು ಗಂಟೆ ಅಬ್ಬರಿಸಿ, ತನ್ನ ಮಳೆಯ ಭಾರಕ್ಕೆ ತಾನೇ ಕುಸಿಯುತ್ತದೆ. ಕುಸಿಯುವಾಗ ತಣ್ಣನೆಯ ಗಾಳಿ ಮೇಲಿಂದ ಸುರಿದು ನೆಲಕ್ಕೆ ಬಡಿದು ನಾಲ್ಕೂ ಕಡೆ ನುಗ್ಗುತ್ತದೆ. ಕೊಟ್ಟಿಗೆಯ ಶೀಟು ಹಾರಿಸುವುದು, ಬಾಳೆ ಮಲಗಿಸುವುದು ಅದೇ. ಪ್ರಾಣ ತೆಗೆಯುವುದು ಮಾತ್ರ ಹೆಚ್ಚಾಗಿ ಸಿಡಿಲು. ನಮ್ಮ ದೇಶದಲ್ಲಿ ಪ್ರತಿವರ್ಷ 2000ಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಪ್ರವಾಹ, ಚಂಡಮಾರುತ ಯಾವುದೂ ವರ್ಷ ವರ್ಷ ಇಷ್ಟು ಜನರನ್ನು ಒಯ್ಯುವುದಿಲ್ಲ.

ಈ ಮಳೆಗಳು ಮಧ್ಯಾಹ್ನದ ಮೇಲೆಯೇ ಬರುವುದಕ್ಕೆ ಕಾರಣವಿದೆ. ಬೆಳಗಿನಿಂದ ಕಾದ ನೆಲ ಗಾಳಿಯನ್ನು ಕಾಯಿಸುತ್ತದೆ, ಸಮುದ್ರದಿಂದ ಬಂದ ತೇವ ಅದರಲ್ಲಿ ಸೇರಿರುತ್ತದೆ, ಕಾದದ್ದು ಮೇಲೇರುತ್ತದೆ. ಒಲೆ ಮೇಲಿನ ಹಾಲು ಹೇಗೆ ತಕ್ಷಣ ಉಕ್ಕುವುದಿಲ್ಲವೋ ಹಾಗೆ ಇದಕ್ಕೂ ಹೊತ್ತು ಬೇಕು. ಆ ಹೊತ್ತೇ ನಮ್ಮ ಕೈಲಿರುವುದು. ಹಾಲು ಉಕ್ಕಿದ ಮೇಲೆ ಓಡಿಬಂದರೆ ಒಲೆ ಒರೆಸುವ ಕೆಲಸ ಮಾತ್ರ ಉಳಿಯುತ್ತದೆ.

ದಿನದಲ್ಲಿ ಮೂರು ಸಲ

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಮೊದಲ ಸಲ. ಹವಾಮಾನ ಇಲಾಖೆ ಪ್ರತಿ ಜಿಲ್ಲೆಗೆ ಬಣ್ಣದ ಸೂಚನೆ ಕೊಡುತ್ತದೆ. ಹಸಿರೆಂದರೆ ಚಿಂತೆಯಿಲ್ಲ, ಹಳದಿಯೆಂದರೆ ಗಮನವಿರಲಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಕ್ರಮ ಕೈಗೊಳ್ಳಿ. ಸಿಡಿಲಿನ ವಿಷಯದಲ್ಲಿ ನಾನು ಹಳದಿಯನ್ನೂ ಹಗುರವಾಗಿ ನೋಡುವುದಿಲ್ಲ. ಇಡೀ ಜಿಲ್ಲೆಗೆ ಹಳದಿ ಇದ್ದರೂ ನಿಮ್ಮ ಮರಕ್ಕೆ ಬಡಿಯಲು ಒಂದು ಸಿಡಿಲು ಸಾಕು. ಹಳದಿಯೋ ಕಿತ್ತಳೆಯೋ ಇದ್ದ ದಿನ ಹಸುಗಳನ್ನು ದೂರದ ಹೊಲಕ್ಕೆ ಹೊಡೆಯಬೇಡಿ, ಅಥವಾ ಬೆಳಿಗ್ಗೆ ಬೇಗ ಹೊಡೆದು ಮಧ್ಯಾಹ್ನದೊಳಗೆ ತಂದುಬಿಡಿ. ಮನೆಯಲ್ಲಿ ಫೋನು ನೋಡುವವರಿಲ್ಲದಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ. ಕರೆ ಮಾಡಿ ಊರು, ಹೋಬಳಿ ಹೇಳಿದರೆ ಕನ್ನಡದಲ್ಲೇ ತಿಳಿಸುತ್ತಾರೆ.

ಮಧ್ಯಾಹ್ನ ಊಟ ಮುಗಿಸಿ ಎಲೆ-ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಎರಡನೇ ಸಲ. ಅಂಗಳಕ್ಕೆ ಬಂದು ಸುತ್ತ ಒಮ್ಮೆ ನೋಡಿ. ಬಿಡಿಬಿಡಿಯಾಗಿ ಹತ್ತಿಯಂತೆ ಚಪ್ಪಟೆ ಮೋಡಗಳಿದ್ದರೆ ಚಿಂತೆ ಬೇಡ. ಹೂಕೋಸಿನಂತೆ ಅಂಚು ಗಟ್ಟಿಯಾಗಿ, ನೋಡನೋಡುತ್ತ ಎತ್ತರಕ್ಕೆ ಬೆಳೆಯುತ್ತಿದ್ದರೆ ಅದು ಗುಡುಗಿನ ಮೋಡ ಆಗುತ್ತಿದೆ ಎಂದರ್ಥ. ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಅಗಲವಾಗಿ ಹರಡಿ ಅಂಚು ಮಸುಕಾಯಿತೆಂದರೆ ಆಗಿಯೇಹೋಯಿತು. ಆ ಮೋಡದ ಕೆಳಗೆ ಯಾವುದೋ ಊರಿನಲ್ಲಿ ಆಗಲೇ ಸಿಡಿಲು ಬೀಳುತ್ತಿದೆ. ಈ ಹೊತ್ತಿಗೆ ಫೋನಿನಲ್ಲಿ ದಾಮಿನಿ ಆ್ಯಪ್ ನೋಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು, ಹಣ ಕೊಡಬೇಕಿಲ್ಲ. ನೀವಿರುವ ಜಾಗದ ಸುತ್ತ ಕಳೆದ ಕೆಲವು ನಿಮಿಷಗಳಲ್ಲಿ ಎಲ್ಲೆಲ್ಲಿ ಸಿಡಿಲು ಬಿದ್ದಿದೆ ಎಂದು ಚುಕ್ಕಿಗಳಲ್ಲಿ ತೋರಿಸುತ್ತದೆ. ನಮ್ಮ ರಾಜ್ಯದ್ದೇ ಸಿಡಿಲು ಎಂಬ ಆ್ಯಪ್ ಕೂಡ ಇದೆ. ಮಗಳಿಗೋ ಮಗನಿಗೋ ಹೇಳಿ ಹಾಕಿಸಿಕೊಳ್ಳಿ, ಊರಿನ ಜಾಗ ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳಿ. ವಾಟ್ಸಾಪಿನಲ್ಲಿ ಬರುವ ಬಿರುಗಾಳಿ ವಿಡಿಯೋಗಳನ್ನು ಮಾತ್ರ ನಂಬಬೇಡಿ. ಯಾವುದೋ ದೇಶದ್ದು, ಯಾವುದೋ ವರ್ಷದ್ದು ನಮ್ಮ ತಾಲ್ಲೂಕಿನ ಹೆಸರು ಹೊತ್ತು ಓಡಾಡುತ್ತಿರುತ್ತದೆ.

ಹೂಕೋಸು ಕಂಡ ಕೂಡಲೇ ಹಸು ತನ್ನಿ. ಹಾಲು ಕರೆಯುವ ಹೊತ್ತಾಗಲಿ ಎಂದು ಕಾಯಬೇಡಿ. ಹತ್ತು ದಿನದಲ್ಲಿ ಆರು ದಿನ ಮೋಡ ಬೇರೆ ಕಡೆ ಹೋಗಿಬಿಡುತ್ತದೆ, ಸುಮ್ಮನೆ ತಂದ ಹಾಗಾಗುತ್ತದೆ, ಮನೆಯಲ್ಲಿ ಯಾರಾದರೂ ಆಡಿಕೊಳ್ಳಲೂಬಹುದು. ಆಡಿಕೊಳ್ಳಲಿ. ಎರಡು ಗಂಟೆಯ ಮೇವು ತಪ್ಪಿದ್ದಕ್ಕೆ ಒಂದು ಹೊರೆ ಹುಲ್ಲು ಹಾಕಿದರಾಯಿತು.

ಮೂರನೆಯದು ಎಣಿಕೆ. ಮಿಂಚು ಕಂಡಾಗ ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ. ಗುಡುಗು ಕೇಳಿದಾಗ ನಿಲ್ಲಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗು ಬಂದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಹೊಲಕ್ಕೇ ಬೀಳಬಹುದು. ಮಳೆಯ ಹನಿ ಬೀಳದಿದ್ದರೂ, ತಲೆ ಮೇಲೆ ಬಿಸಿಲಿದ್ದರೂ ಇದು ನಿಜ. ಆಗ ನೀವು ಮನೆಯೊಳಗಿರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೂ ಹೊರಗೆ ಬರಬೇಡಿ. ತಡವಾಗಿ ಹೊರಟು ಹಸು ತರಲು ಓಡುವ ಆ ಹತ್ತು ನಿಮಿಷದಲ್ಲೇ ಹೆಣ್ಣುಮಕ್ಕಳು ಸಿಡಿಲಿಗೆ ಸಿಕ್ಕುವುದು. ಹಸು ಮರದಡಿ ಇದ್ದು ಎಣಿಕೆ ಮೂವತ್ತರ ಒಳಗೆ ಬಂದಿದ್ದರೆ ಹಸುವಿನ ಆಸೆ ಬಿಡಿ. ನಾನು ಪಶುವೈದ್ಯೆಯಾಗಿ ಹೇಳುತ್ತಿದ್ದೇನೆ, ಬಿಟ್ಟುಬಿಡಿ.

ಮರದಡಿ ಒಂದೇ ಏಟಿಗೆ ಮೂರು ಹೇಗೆ?

"ಸಿಡಿಲು ಬಿದ್ದದ್ದು ಮರಕ್ಕೆ, ಹಸು ಪಕ್ಕದಲ್ಲಿತ್ತು, ಹೇಗೆ ಸತ್ತಿತು?" ಎಂದು ಬಹಳ ಮಂದಿ ಕೇಳುತ್ತಾರೆ. ಕೆರೆಗೆ ಕಲ್ಲೆಸೆದರೆ ಅಲೆ ಸುತ್ತಲೂ ಹರಡುತ್ತದಲ್ಲ, ಮರದಿಂದ ಇಳಿದ ವಿದ್ಯುತ್ ನೆಲದಲ್ಲಿ ಹಾಗೇ ಹರಡುತ್ತದೆ. ಬುಡದ ಹತ್ತಿರ ಅದರ ಒತ್ತಡ ಹೆಚ್ಚು, ದೂರ ಹೋದಂತೆ ಕಡಿಮೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಸುಮಾರು ಒಂದೂವರೆ ಮೀಟರ್ ಅಂತರ. ಮುಂಗಾಲು ನಿಂತ ನೆಲದಲ್ಲಿ ಒಂದು ಒತ್ತಡ, ಹಿಂಗಾಲಿನ ನೆಲದಲ್ಲಿ ಇನ್ನೊಂದು. ಆ ವ್ಯತ್ಯಾಸದಿಂದ ವಿದ್ಯುತ್ ಒಂದು ಜೋಡಿ ಕಾಲಿನಿಂದ ಹತ್ತಿ ಎದೆ, ಹೃದಯದ ಮೂಲಕ ಹಾದು ಇನ್ನೊಂದು ಜೋಡಿ ಕಾಲಿನಿಂದ ಇಳಿಯುತ್ತದೆ. ಪಕ್ಕದಲ್ಲಿದ್ದ ಮನುಷ್ಯ ಎರಡು ಕಾಲಿನವನು, ಪಾದಗಳು ಹತ್ತಿರವಿದ್ದರೆ ಈ ವ್ಯತ್ಯಾಸ ಕಡಿಮೆ, ಕೆಲವೊಮ್ಮೆ ಬದುಕಿಕೊಳ್ಳುತ್ತಾನೆ. ಬಯಲಲ್ಲಿ ಸಿಕ್ಕಿಕೊಂಡು ಓಡಲು ಮನೆಯೇ ಇಲ್ಲದಿದ್ದರೆ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ನೆಲಕ್ಕೆ ಮಲಗಬೇಡಿ ಎನ್ನುವುದು ಇದಕ್ಕೇ.

ಹಾಗೆಯೇ ಮುಳ್ಳುತಂತಿ ಬೇಲಿಯ ಪಕ್ಕ ಕಟ್ಟಬೇಡಿ. ದೂರದಲ್ಲೆಲ್ಲೋ ಬೇಲಿಗೆ ಬಡಿದದ್ದು ತಂತಿ ಹಿಡಿದು ನಿಮ್ಮ ಹಸುವಿನವರೆಗೂ ಬರುತ್ತದೆ.

ಕೊಟ್ಟಿಗೆಗೆ ಬಂದ ಮೇಲೂ ಸ್ವಲ್ಪ ಕೆಲಸವಿದೆ. ತಗಡಿನ ಶೀಟು ಸಿಡಿಲನ್ನು ಕರೆಯುತ್ತದೆ ಎಂದು ಹೆದರಿ ಹಸುವನ್ನು ಹೊರಗೆ ಕಟ್ಟುವವರನ್ನು ನೋಡಿದ್ದೇನೆ, ಅದು ತಪ್ಪು. ಕೊಟ್ಟಿಗೆ ಮರಕ್ಕಿಂತ ಎಷ್ಟೋ ವಾಸಿ. ಆದರೆ ಕಬ್ಬಿಣದ ಕಂಬ, ಗೋದಲಿಯ ಪೈಪಿಗೆ ಸರಪಳಿಯಿಂದ ಬಿಗಿದಿದ್ದರೆ ಮಳೆಗಾಲದ ಮಟ್ಟಿಗಾದರೂ ಹಗ್ಗಕ್ಕೆ ಬದಲಾಯಿಸಿ. ಕಬ್ಬಿಣದ ಚೌಕಟ್ಟಿಗೆ ಎಲೆಕ್ಟ್ರೀಷಿಯನ್ ಕೈಲಿ ಸರಿಯಾದ ಅರ್ಥಿಂಗ್ ಮಾಡಿಸಿ. ಗುಡುಗುವಾಗ ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರದ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಕಂಬಕ್ಕೆ ಒರಗಿ ನಿಲ್ಲಬೇಡಿ. ಶೀಟಿನ ಮೇಲೆ ಭಾರಕ್ಕೆಂದು ಇಟ್ಟ ಕಲ್ಲುಗಳನ್ನು ಇಳಿಸಿ ಕೊಕ್ಕೆ ಹಾಕಿಸಿ; ಗಾಳಿಗೆ ಶೀಟು ಎದ್ದರೆ ಆ ಕಲ್ಲು ಕೆಳಗಿರುವ ಕರುವಿನ ಮೇಲೇ ಬೀಳುವುದು.

ಇನ್ನು ಸಂಜೆ ಹಾಲಿನ ವಿಷಯ. ಗುಡುಗುತ್ತಿರುವಾಗ ಸ್ಟೀಲ್ ಕ್ಯಾನ್ ಹಿಡಿದು ಡೈರಿಗೆ ಓಡುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಒಂದು ದಿನ ಒಂದು ಗಂಟೆ ತಡವಾಗಿ ಕರೆದರೆ ಕೆಚ್ಚಲಿಗೆ ಏನೂ ಆಗುವುದಿಲ್ಲ. ಕರೆದಾಗಿದ್ದರೆ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿಡಿ. ಅಂಥ ದಿನ ಶೇಖರಣೆಯ ಸಮಯವನ್ನು ಅರ್ಧ ಗಂಟೆ ಮುಂದೂಡಲು ಕಾರ್ಯದರ್ಶಿಯವರನ್ನು ಕೇಳಿ. ಹಾಲಿನ ವಾಹನ ಬರುವ ವೇಳೆ ನೋಡಿಕೊಂಡು ಸಂಘದ ಸಭೆಯಲ್ಲಿ ಮೊದಲೇ ಮಾತಾಡಿಕೊಂಡರೆ ಕಷ್ಟವೇನಲ್ಲ.

ಬಡಿದ ಮೇಲೆ

ಸಿಡಿಲು ತಗುಲಿದ ಮನುಷ್ಯರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆಯ ನಡುವೆ ಒತ್ತಲು ಶುರುಮಾಡಿ, 108ಕ್ಕೆ ಫೋನ್ ಮಾಡಿಸಿ. ಆದರೆ ಬಿರುಗಾಳಿಗೆ ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ಮಾತು ಬೇರೆ. ಹಸು ತಂತಿಯ ಹತ್ತಿರ ಬಿದ್ದಿದ್ದರೆ ಅದರ ಬಳಿ ಹೋಗಲೇಬೇಡಿ, 1912ಕ್ಕೆ ತಿಳಿಸಿ, ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೂ ಯಾರನ್ನೂ ಬಿಡಬೇಡಿ.

ಹಸು ಬದುಕಿದ್ದರೆ ಮಂಕಾಗಿರಬಹುದು, ಹಿಂಗಾಲು ಸ್ವಾಧೀನವಿಲ್ಲದೆ ಬಿದ್ದಿರಬಹುದು, ಕಣ್ಣು ಕಾಣದಂತೆ ತಡವರಿಸಬಹುದು. ಪಕ್ಕಕ್ಕೆ ಉರುಳಲು ಬಿಡದೆ ಎದೆಯ ಮೇಲೆ ಕೂರುವಂತೆ ಹುಲ್ಲಿನ ಮೂಟೆ ಆನಿಸಿ, 1962ಕ್ಕೋ ನಮಗೋ ಫೋನ್ ಮಾಡಿ. ಎಷ್ಟೇ ಗಾಬರಿಯಾಗಿದ್ದರೂ ಗೊಟ್ಟ ಹಾಕಬೇಡಿ. ನುಂಗಲಾಗದ ಹಸುವಿಗೆ ಬೆಲ್ಲದ ನೀರು, ಎಣ್ಣೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಸಿಡಿಲಿನಿಂದ ಬದುಕಿದ ಹಸು ಗೊಟ್ಟದಿಂದ ಸಾಯುತ್ತದೆ.

ಸತ್ತಿದ್ದರೆ, ನಾವು ಬರುವವರೆಗೂ ಕಳೇಬರವನ್ನು ಅಲ್ಲೇ ಬಿಡಿ. ಕಿವಿಯೋಲೆ ಕಾಣುವಂತೆ, ಮರದ ಸುಟ್ಟ ಗುರುತು ಕಾಣುವಂತೆ ಫೋಟೋ ತೆಗೆದಿಡಿ. ವಿಮೆ ಇದ್ದರೆ 24 ಗಂಟೆಯೊಳಗೆ ತಿಳಿಸಿ. ಕಿವಿಯೋಲೆ ಬಿದ್ದುಹೋಗಿರುವ ಹಸುವಿಗೆ ವಿಮೆ ಸಿಗುವುದಿಲ್ಲ, ಆದ್ದರಿಂದ ಇವತ್ತೇ ಹೋಗಿ ಕಿವಿ ನೋಡಿ. ವಿಮೆ ಇರಲಿ ಇಲ್ಲದಿರಲಿ ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ ಮಹಜರು ಮಾಡಿಸಿ, ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಿ. ಪ್ರಕೃತಿ ವಿಕೋಪ ಪರಿಹಾರಕ್ಕೆ 2022ರಲ್ಲಿ ನಿಗದಿಯಾದ ಮಾನದಂಡದಲ್ಲಿ ಕರೆಯುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಒಂದು ಕುಟುಂಬಕ್ಕೆ ಅಂಥ ಮೂರು ರಾಸುಗಳವರೆಗೆ ಎಂದಿದೆ. ಈಗ ಚಾಲ್ತಿಯಲ್ಲಿರುವ ಮೊತ್ತವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಳ್ಳಿ.

ಒಂದು ಬೇಸರದ ಮಾತನ್ನೂ ಹೇಳಬೇಕು. ಮಳೆ ಬಂದ ಮಾರನೇ ದಿನ ಸತ್ತ ಹಸುವನ್ನೆಲ್ಲ "ಸಿಡ್ಲು ಅಂತ ಬರ್ಕೊಡಿ ಡಾಕ್ಟ್ರಮ್ಮ" ಎಂದು ಒತ್ತಾಯಿಸುತ್ತಾರೆ. ಸಿಡಿಲಿಗೆ ಗುರುತುಗಳಿರುತ್ತವೆ: ಕಾಲಿನ ಒಳಭಾಗದಲ್ಲಿ ಗೆರೆಯಂತೆ ಸುಟ್ಟ ಕೂದಲು, ಬಾಯಲ್ಲಿ ಅಗಿಯುತ್ತಿದ್ದ ಹುಲ್ಲು, ಒದ್ದಾಡಿದ ಗುರುತಿಲ್ಲದ ನೆಲ. ಹಾಗಿಲ್ಲದೆ ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದು ನೆರಡಿ ರೋಗ ಇರಬಹುದು. ಆ ಕಳೇಬರವನ್ನು ಕೊಯ್ಯುವುದು, ಚರ್ಮ ಸುಲಿಯುವುದು ಮನುಷ್ಯರಿಗೇ ಅಪಾಯ. ಮೊದಲ ಮಳೆಗೆ ಚಿಗುರಿದ ಕೂಳೆ ಜೋಳ ಮೇಯ್ದು ವಿಷವೇರಿ ಸತ್ತಿದ್ದರೆ, ಕಾರಣ ಬೇಗ ತಿಳಿದಷ್ಟೂ ಅದೇ ಹೊಲಕ್ಕೆ ಹೋಗುವ ಉಳಿದ ಹಸುಗಳನ್ನು ಉಳಿಸಬಹುದು. ಸುಳ್ಳು ಬರೆದುಕೊಟ್ಟರೆ ಪಕ್ಕದ ಮನೆಯ ಹಸು ನಾಳೆ ಸಾಯುತ್ತದೆ.

ಹೊಂಗೆ ಮರದ ಆ ಅಕ್ಕ ಒಂದು ವರ್ಷ ಹಸು ಕಟ್ಟಲಿಲ್ಲ. ಹೋದ ದೀಪಾವಳಿಗೆ ಮತ್ತೆ ಒಂದು ಪಡ್ಡೆ ತಂದಿದ್ದಾರೆ, ಈಗ ಗಬ್ಬವಾಗಿದೆ. ಅವರ ಸಂಘದಲ್ಲಿ ಕೊಬ್ಬು, ದರ ಬರೆಯುವ ಕಪ್ಪು ಹಲಗೆಯ ಮೂಲೆಯಲ್ಲಿ ಮಾರ್ಚ್‌ನಿಂದ ಇನ್ನೊಂದು ಸಾಲು ಸೇರಿದೆ: ಇವತ್ತಿನ ಬಣ್ಣ. ಬೆಳಿಗ್ಗೆ ಕಾರ್ಯದರ್ಶಿ ಫೋನ್ ನೋಡಿ ಬರೆಯುತ್ತಾರೆ. ಕಿತ್ತಳೆ ಬಣ್ಣದ ಸೀಮೆಸುಣ್ಣ ಸಿಗಲಿಲ್ಲವೆಂದು ಅರಿಶಿನಕ್ಕೆ ಚಿಟಿಕೆ ಸುಣ್ಣ, ನೀರು ಬೆರೆಸಿ ಒಂದು ಬೊಟ್ಟು ಇಡುತ್ತಾರೆ. ಓದಲು ಬಾರದ ಅಜ್ಜಿಯರೂ ಆ ಬೊಟ್ಟು ನೋಡಿಕೊಂಡು ಹೋಗುತ್ತಾರೆ. ನಿಮ್ಮ ಸಂಘದಲ್ಲೂ ಬರೆಯಬಹುದೇ ಎಂದು ಮುಂದಿನ ಸಭೆಯಲ್ಲಿ ಕೇಳಿ. ಆ್ಯಪ್ ಹಾಕಿಕೊಳ್ಳಲು ಬರದಿದ್ದರೆ ನಾನು ಕೃತಕ ಗರ್ಭಧಾರಣೆಗೋ ಚಿಕಿತ್ಸೆಗೋ ಬಂದಾಗ ಫೋನ್ ಕೊಡಿ, ಹಾಕಿಕೊಟ್ಟು ಹೋಗುತ್ತೇನೆ.